ಲೇತಿನ ಮುಂದೆ ನನ್ನ ಸರದಿ

ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. ಸೆರಗಿಗೆ ಒರೆಸಿ ಇಟ್ಟೆ, ಎಂಜಲು ಹಚ್ಚಿ ಇಟ್ಟೆ, ಬೇರೆ ಬೆರಳು ಇಟ್ಟೆ. ಕೆಂಪು ದೀಪವೇ ಹತ್ತಿತು.

"ದೀದಿ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲ" ಎಂದ ಅಂಗಡಿಯವನು.

ಹಿಂದೆ ನಿಂತವರು ನಕ್ಕರು. ಬೆಳಗಿನಿಂದ ಸಂಜೆಯವರೆಗೆ ಉಪ್ಪುಕಾಗದ ಹಿಡಿದು ಮರ ಉಜ್ಜುವವಳ ಬೆರಳಲ್ಲಿ ಗೆರೆ ಹೇಗೆ ಉಳಿಯಬೇಕು? ಅವತ್ತು ಅಕ್ಕಿ ಇಲ್ಲದೆ ಮನೆಗೆ ಬಂದೆ.

ನನ್ನ ಹೆಸರು ಶಾಂತಮ್ಮ. ಮಂಡ್ಯದ ಕಡೆಯವಳು. ಗಂಡ ಕೆಂಪಣ್ಣ ದಿಲ್ಲಿ ಪಕ್ಕದ ಇಂದಿರಾಪುರಂನಲ್ಲಿ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟು ಕಾಯುತ್ತಾನೆ. ನಾನು ಅಲ್ಲೇ ಹತ್ತಿರ ಸಾಹಿಬಾಬಾದಿನ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೇನೆ. ಅದನ್ನು ಶೆಡ್ ಎಂದರೆ ಯಜಮಾನರಿಗೆ ಸಿಟ್ಟು ಬರುತ್ತದೆ, ಸ್ಟುಡಿಯೋ ಅನ್ನಬೇಕು. ಯಜಮಾನರು ಸುದರ್ಶನ್, ನಮ್ಮ ಕನ್ನಡದವರೇ. ದೊಡ್ಡ ಕಂಪನಿಯ ಕೆಲಸ ಬಿಟ್ಟು ಮರದ ಬಟ್ಟಲು ಮಾಡಲು ಬಂದವರು. ಮುಂದಿನ ಕೋಣೆಯಲ್ಲಿ ಮರ ತಿರುಗಿಸಿ ಕಡೆಯುವ ಎರಡು ಲೇತ್ ಯಂತ್ರ, ಎಸಿ, ಧೂಳು ಎಳೆದುಕೊಳ್ಳುವ ದಪ್ಪ ಪೈಪು. ಹಿಂದೆ ತಗಡಿನ ಮಾಡಿನ ಕೆಳಗೆ ನಾನು ಮತ್ತು ಸಹಾರನ್‌ಪುರದ ಶಬ್ನಮ್. ನಮಗೆ ಪೈಪಿಲ್ಲ. ಧೂಳು ಎಳೆದುಕೊಳ್ಳಲು ನಮ್ಮ ಮೂಗೇ ಇದೆಯಲ್ಲ.

ಕನ್ನಡ ಸಂಘದ ಊಟದಲ್ಲಿ ಬಡಿಸುತ್ತಿದ್ದ ನನ್ನನ್ನು ಸುದರ್ಶನ್ ಸಾರೇ ಮಾತಾಡಿಸಿ ಕೆಲಸ ಕೊಟ್ಟದ್ದು.

"ಮೊದ್ಲು ಉಜ್ಜೋದು ಕಲೀರಿ ಶಾಂತಮ್ಮನವರೇ. ಮರದ ಪರಿಚಯ ಆಗ್ಲಿ. ದೀಪಾವಳಿ ಆದ್ಮೇಲೆ ಲೇತ್ ಮುಂದೆ ನಿಲ್ಲಿಸ್ತೀನಿ. ನೀವು ನಮ್ಮವರು, ನಿಮಗಲ್ದೆ ಇನ್ಯಾರಿಗೆ ಕಲಿಸ್ಲಿ?"

ಲೇತಿನ ಕೆಲಸ ಕಲಿತರೆ ಕಾರೀಗರ್, ಕಸುಬುದಾರ ಎನ್ನುತ್ತಾರೆ. ಕೂಲಿಯೂ ಬೇರೆ, ಮರ್ಯಾದೆಯೂ ಬೇರೆ. ಈ ಸ್ಟುಡಿಯೋ ಬಾಗಿಲು ಹಾಕಿದರೆ ದಿಲ್ಲಿಯ ಕೀರ್ತಿನಗರದಲ್ಲಿ ಯಾವ ಫರ್ನಿಚರ್ ಅಂಗಡಿಯವನಾದರೂ ಕರೆದು ಕೆಲಸ ಕೊಡುತ್ತಾನೆ. ಉಜ್ಜುವವಳನ್ನು ಯಾರು ಕರೆಯುತ್ತಾರೆ? ದೀಪಾವಳಿ ಹೋಯಿತು, ಹೋಳಿ ಹೋಯಿತು, ಇನ್ನೊಂದು ದೀಪಾವಳಿಯೂ ಹೋಯಿತು. ನನ್ನ ಮೂಗಿನ ಮೇಲಿನ ತುಪ್ಪ ಹಾಗೇ ಇತ್ತು.

ಒಂದು ಸಲ ನನ್ನನ್ನು ಲೇತ್ ಮುಂದೆ ನಿಲ್ಲಿಸಿದ್ದರು, ಸುಳ್ಳು ಹೇಳಬಾರದು. ಲೇತಿನಲ್ಲಿ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಉಳಿಯ ಬೆನ್ನನ್ನು ಮೊದಲು ಮರಕ್ಕೆ ಒರಗಿಸಬೇಕು. ಆಮೇಲೆ ಹಿಡಿಯನ್ನು ಮೆಲ್ಲಗೆ ಎತ್ತಿದರೆ ಬಾಯಿ ತಾನಾಗಿ ಮರವನ್ನು ಕಚ್ಚುತ್ತದೆ, ಸಿಪ್ಪೆ ಸುರುಳಿ ಸುರುಳಿಯಾಗಿ ಬರುತ್ತದೆ. ನೋಡಿ ನೋಡಿ ಬಾಯಿಪಾಠವಾಗಿತ್ತು. ಆದರೆ ನನ್ನದು ಮಚ್ಚು ಹಿಡಿದು ಕಬ್ಬು ಕಡಿದ ಕೈ. ಬುಡಕ್ಕೆ ಒಂದೇ ಏಟು ಹಾಕಿ ಗೊತ್ತು, ಒರಗಿಸಿ ಗೊತ್ತಿಲ್ಲ. ಉಳಿಯ ಬಾಯನ್ನೇ ನೇರ ಕೊಟ್ಟೆ. ಟಪ್ಪೆಂದು ಸಿಕ್ಕಿಕೊಂಡಿತು. ಭುಜದವರೆಗೆ ಒದೆ ಬಿತ್ತು. ಮರ ಸೀಳಿ ಗೋಡೆಗೆ ಹೋಗಿ ಬಡಿಯಿತು.

ಸುದರ್ಶನ್ ಸಾರ್ ಬೈಯಲಿಲ್ಲ. ಅವರು ಬೈಯುವವರಲ್ಲ. ಸೀಳಿದ ತುಂಡನ್ನು ಎತ್ತಿ ಧೂಳು ಊದಿ, "ಇದು ದುಬಾರಿ ಶೀಶಮ್ ಮರ ಶಾಂತಮ್ಮನವರೇ. ಹೀಗೆ ಕೆಡಿಸೋಕಾಗಲ್ಲ. ನಿಮ್ಮ ಕೈಗೆ ಉಜ್ಜೋದೇ ಸರಿ" ಎಂದರು. ಅಷ್ಟೇ. ಅಲ್ಲಿಗೆ ನನ್ನ ಕಲಿಕೆ ಮುಗಿಯಿತು.

ನಿಹಾರಿಕಾ ಬಂದದ್ದು ಅದಾದ ಮೇಲೆ. ಶನಿವಾರ ಶನಿವಾರ ಆಫೀಸಿನವರಿಗೆ ಕ್ಲಾಸು ನಡೆಯುತ್ತದೆ. ಅವಳು ನೋಯ್ಡಾದಲ್ಲಿ ಕೆಲಸ ಮಾಡುತ್ತಾಳೆ, ನನ್ನ ಗಂಡ ಕಾಯುವ ಸೊಸೈಟಿಯಲ್ಲೇ ಮನೆ. ಬೆಂಗಳೂರಿನ ಹುಡುಗಿ. ಒಳ್ಳೆಯವಳೇ. ಅದೇ ನನಗೆ ಕಷ್ಟವಾದದ್ದು. ಕೆಟ್ಟವಳಾಗಿದ್ದರೆ ಶಾಪ ಹಾಕಿ ಸುಮ್ಮನಾಗಬಹುದಿತ್ತು.

ಮೊದಲ ದಿನವೇ ಅವಳು ಉಳಿಯ ಬಾಯನ್ನು ನೇರ ಕೊಟ್ಟಳು. ನಾನು ಮಾಡಿದ ತಪ್ಪೇ. ಹಾಗೇ ಟಪ್ಪೆಂದಿತು, ಹಾಗೇ ಮರ ಸೀಳಿ ಹಾರಿತು. ಅದೂ ಶೀಶಮ್ಮೇ. ಅವಳು ಕೆನ್ನೆಗೆ ಕೈ ಇಟ್ಟುಕೊಂಡಳು.

"ಸಾರಿ ಸರ್, ಪೂರ್ತಿ ಹಾಳು ಮಾಡ್ಬಿಟ್ಟೆ."

"ಅರೆ, ಸಾರಿ ಯಾಕೆ? ತಪ್ಪು ಮಾಡ್ದೆ ಯಾರು ಕಲೀತಾರೆ? ಎಲ್ರೂ ಚಪ್ಪಾಳೆ ಹೊಡೀರಿ" ಎಂದರು ಸುದರ್ಶನ್ ಸಾರ್.

ಹೊಡೆದರು. ಮರ ಒಡೆದದ್ದಕ್ಕೆ ಚಪ್ಪಾಳೆ. ನಾನು ಪೊರಕೆ ತಂದು ಅವಳ ಕಾಲ ಬಳಿಯ ಚೂರು ಗುಡಿಸಿದೆ. ಅವಳು ಕಾಲೆತ್ತಿ, "ಥ್ಯಾಂಕ್ಸ್ ಆಂಟಿ" ಎಂದಳು. ಅಷ್ಟರಲ್ಲಿ ಅವಳ ಮುಂದೆ ಹೊಸ ತುಂಡು ಸಿಕ್ಕಿಸಿಯಾಗಿತ್ತು.

ನನ್ನ ಹೊಟ್ಟೆ ಉರಿಯಿತು. ಮುಚ್ಚಿಡುವುದೇನಿದೆ? ಅವಳ ಕಾರು ನೋಡಿ ಉರಿದಿರಲಿಲ್ಲ, ಮನೆ ನೋಡಿ ಉರಿದಿರಲಿಲ್ಲ. ಅವಳು ಕೆಡಿಸಿದ ಮರ ನೋಡಿ ಉರಿಯಿತು. ಒಂದಾದ ಮೇಲೊಂದು ಕೆಡಿಸಿದಳು. ಒಂದಕ್ಕೆ ತಳವೇ ತೂತಾಯಿತು. ಒಂದರ ಅಂಚು ಹಲ್ಲು ಬಿದ್ದ ಬಾಯಂತಾಯಿತು. ಪ್ರತಿ ಸಲವೂ ನಗು, ಹೊಸ ತುಂಡು. ಹಾಗೆ ಕೆಡಿಸುತ್ತಾ ಕೆಡಿಸುತ್ತಾ ಅವಳ ಕೈ ಒಂದು ದಿನ ಹದಕ್ಕೆ ಬಂತು. ಸಿಪ್ಪೆ ಸುರುಳಿಯಾಗಿ ಅವಳ ಕೂದಲ ಮೇಲೆ ಬಿತ್ತು. ನಾನು ಹಿಂದಿನ ಬಾಗಿಲಲ್ಲಿ ನಿಂತು ನೋಡಿದೆ. ಆ ಸುರುಳಿ ನನ್ನದಾಗಬೇಕಿತ್ತು ಅನ್ನಿಸಿತು.

ಸೋಮವಾರ ಅವರ ಬಟ್ಟಲುಗಳೆಲ್ಲ ಹಿಂದಕ್ಕೆ, ನಮ್ಮ ಬಳಿ ಬರುತ್ತಿದ್ದವು. ಬಿರುಕಿಗೆ ಮರದ ಪುಡಿ ಮತ್ತು ಅಂಟು ತುಂಬುವುದು, ಉಬ್ಬು ತಗ್ಗು ಉಜ್ಜಿ ಸಮ ಮಾಡುವುದು, ಮೇಣ ಹಚ್ಚುವುದು. ನಾವು ಉಜ್ಜಿದ ಮೇಲೆಯೇ ಅವು ಬಟ್ಟಲಾಗುತ್ತಿದ್ದವು. ತಳಕ್ಕೆ ಕಾದ ಕಂಬಿಯಿಂದ ಕಲಿತವರ ಹೆಸರು ಸುಟ್ಟು ಬರೆಯುತ್ತಿದ್ದರು.

"ನಿಹಾರಿಕಾದು ಚೆನ್ನಾಗಿ ಉಜ್ಜು" ಎಂದು ಶಬ್ನಮ್ ಹಿಂದಿಯಲ್ಲಿ ರೇಗಿಸುತ್ತಿದ್ದಳು. "ನಿನ್ನ ಸವತಿಯದಲ್ವಾ?"

"ಉಜ್ಜಿ ಉಜ್ಜಿ ತೂತು ಮಾಡ್ತೀನಿ ನೋಡು" ಎನ್ನುತ್ತಿದ್ದೆ. ಮಾಡುತ್ತಿರಲಿಲ್ಲ. ಎಲ್ಲರದ್ದಕ್ಕಿಂತ ಅವಳದ್ದನ್ನೇ ನುಣ್ಣಗೆ ಮಾಡುತ್ತಿದ್ದೆ. ಹೊಟ್ಟೆಕಿಚ್ಚು ಕೈಯಲ್ಲಿ ಏನೆಲ್ಲ ಮಾಡಿಸುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಕೆಂಪಣ್ಣನ ಹತ್ತಿರ ಹೇಳಿದೆ.

"ಅವ್ರ ಮೇಲೆ ಯಾಕೆ ಉರ್ಕೊಂತೀಯ? ಆ ಮೇಡಂ ಗೇಟ್ ಹತ್ರ ನಂಗೆ ದಿನಾ ನಮಸ್ಕಾರ ಅಂತಾರೆ" ಎಂದ.

"ನಮಸ್ಕಾರ ಇಟ್ಕೊಂಡು ಸಾರಿಗೆ ಕಲಸ್ಕೊ" ಎಂದು ತಟ್ಟೆ ಎತ್ತಿದೆ.

ಚಳಿ ಶುರುವಾದಾಗ ಸುದರ್ಶನ್ ಸಾರ್ ಒಂದು ಸೀರೆ ತಂದುಕೊಟ್ಟರು. ಕೆಂಪಂಚಿನ ಕೈಮಗ್ಗದ ಸೀರೆ. ಶಬ್ನಮ್‌ಗೂ ಒಂದು ಹೊಸ ದುಪಟ್ಟಾ.

"ಶುಕ್ರವಾರ ಒಂದು ಕಂಪನಿಯೋರು ಬರ್ತಾರೆ. ಇದನ್ನ ಉಟ್ಕೊಂಡು ಲೇತ್ ಹತ್ರ ಉಳಿ ಹಿಡ್ಕೊಂಡು ನಿಂತ್ರೆ ಸಾಕು. ಮಾತು ನಾನಾಡ್ತೀನಿ."

"ಲೇತ್ ಹಾಕ್ಬೇಕಾ ಸಾರ್?"

"ಬೇಡ ಬೇಡ. ಫೋಟೋಗೆ ಅಷ್ಟೇ."

ಶನಿವಾರ ಕ್ಲಾಸಿನವರಿಗೆ ಅವರು ಮೊದಲು ಹೇಳುವ ಮಾತೇ, ಜೋಲು ಬಟ್ಟೆ ಹಾಕಿಕೊಂಡು ಲೇತಿನ ಹತ್ತಿರ ಬರಬೇಡಿ, ಯಂತ್ರ ಎಳೆದುಕೊಳ್ಳುತ್ತದೆ ಎಂದು. ನನಗೆ ಸೀರೆ ಕೊಟ್ಟರು. ನಾನು ಲೇತ್ ಹಾಕುವವಳಲ್ಲ ಎಂಬುದರಲ್ಲಿ ಅವರಿಗೆ ಅಷ್ಟು ನಂಬಿಕೆ.

ವಿಷಯ ತಿಳಿದದ್ದು ನಿಹಾರಿಕಾಳಿಂದಲೇ. ಶುಕ್ರವಾರ ರಜೆ ಹಾಕಿ ಬಂದಿದ್ದಳು. ಬಟ್ಟಲುಗಳನ್ನು ಜೋಡಿಸುತ್ತಾ ಖುಷಿಯಲ್ಲಿ ಹೇಳಿದಳು.

"ಕಂಗ್ರಾಟ್ಸ್ ಆಂಟಿ. ಬಡ ಹೆಂಗಸರಿಗೆ ಲೇತ್ ಕಲಿಸಿದ್ದಾರೆ ಅಂತ ಆ ಕಂಪನಿಯೋರು ಸರ್‌ಗೆ ಆರು ಹೊಸ ಮಷಿನ್ ಕೊಡ್ತಿದ್ದಾರೆ. ನಿಮ್ಮಿಬ್ರ ಹೆಸರಲ್ಲಿ."

"ನಮ್ಮ ಹೆಸರಲ್ಲಿ? ಅದ್ರಲ್ಲಿ ನಾವು ಕೆಲ್ಸ ಮಾಡೋದಾ?"

"ಅದು ಗೊತ್ತಿಲ್ಲ ಆಂಟಿ. ವೀಕೆಂಡ್ ಬ್ಯಾಚ್ ದೊಡ್ಡದು ಮಾಡ್ತಾರಂತೆ. ನಾನೂ ಕಲಿಸೋಕೆ ಬರ್ತೀನಿ. ನೀವು ಕಲ್ತಾಗಿದೆಯಲ್ಲ?"

ಅವಳು ನಿಜವಾಗಿಯೂ ಹಾಗೆಂದುಕೊಂಡಿದ್ದಳು. ಮುಂದಿನ ಕೋಣೆಯವರಿಗೆ ಹಿಂದಿನ ಕೋಣೆ ಗೊತ್ತಾಗುವುದಾದರೂ ಹೇಗೆ? ನಾನು ಹಿಂದೆ ಹೋಗಿ ಶಬ್ನಮ್‌ಗೆ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು.

"ನನಗೂ ಕಲಿಸ್ತೀನಿ ಅಂದಿದ್ರು" ಎಂದಳು. "ನಿನಗೆ ಹೇಳಿದ್ರೆ ನನ್ನ ಸರದಿ ಕಿತ್ಕೋತೀಯ ಅಂತ ಹೇಳಿರ್ಲಿಲ್ಲ."

ಇಬ್ಬರಿಗೂ ಒಂದೇ ತುಪ್ಪ ಸವರಿದ್ದರು. ಇಷ್ಟು ದಿನ ಪಕ್ಕದಲ್ಲೇ ಕೂತು ಉಜ್ಜುತ್ತಾ ನಾವು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಕಂಪನಿಯವರು ಮಧ್ಯಾಹ್ನ ಬಂದರು. ನಡುವಯಸ್ಸಿನ ಒಬ್ಬ ಮೇಡಂ, ಜೊತೆಗೆ ಕ್ಯಾಮೆರಾದವರು. ನಾನು ಸೀರೆ ಉಟ್ಟು ಲೇತಿನ ಹತ್ತಿರ ಉಳಿ ಹಿಡಿದು ನಿಂತೆ. ಫೋಟೋ ಹೊಡೆದರು. ಸುದರ್ಶನ್ ಸಾರ್ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನಡುನಡುವೆ ನನ್ನ ಹೆಸರು ಬರುತ್ತಿತ್ತು. ಮೇಡಂ ತಲೆಯಾಡಿಸಿ ನನ್ನ ಕಡೆ ತಿರುಗಿದರು.

"ಅಚ್ಛಾ, ಒಂದು ಚೂರು ಮಾಡಿ ತೋರಿಸಿ" ಎಂದರು ಹಿಂದಿಯಲ್ಲಿ.

"ಅವರಿಗೆ ಸ್ವಲ್ಪ ನಾಚಿಕೆ" ಎಂದರು ಸುದರ್ಶನ್ ಸಾರ್. "ನಮ್ಮ ನಿಹಾರಿಕಾ ತೋರಿಸ್ತಾರೆ."

ನಿಹಾರಿಕಾ ಮರದ ತುಂಡೊಂದನ್ನು ಕೈಗೆತ್ತಿಕೊಂಡಳು. ನಾನು ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದೆ. ಲೇತಿನಲ್ಲಿ ಫೋಟೋಕ್ಕೆಂದು ಸಿಕ್ಕಿಸಿದ ತುಂಡು ಇದ್ದೇ ಇತ್ತು. ಪಕ್ಕದಲ್ಲಿದ್ದ, ಚೂರು ತಡೆಯುವ ಕನ್ನಡಕ ಹಾಕಿಕೊಂಡು ಸ್ವಿಚ್ ಒತ್ತಿದೆ.

"ಶಾಂತಮ್ಮನವರೇ" ಎಂದರು ಸಾರ್, ಕನ್ನಡದಲ್ಲಿ, ಮೆಲ್ಲಗೆ. "ಬೇಡ."

ಉಳಿಯ ಬೆನ್ನು ಒರಗಿಸಿದೆ. ಹಿಡಿ ಎತ್ತಿದೆ. ಒಂದು ಗಳಿಗೆ ಸಿಪ್ಪೆ ಬಂತು, ನನ್ನ ಮುಂಗೈಗೆ ಬಿಸಿಯಾಗಿ ತಾಗಿತು. ಆಮೇಲೆ ಹಳೆಯ ಕೈ ಅವಸರ ಮಾಡಿತು. ಟಪ್ಪೆಂದಿತು. ಮರ ಸೀಳಿ ಮೇಡಂ ಕಾಲ ಬಳಿ ಹೋಗಿ ಬಿತ್ತು. ಕ್ಯಾಮೆರಾದವರು ಹಿಂದೆ ಸರಿದರು. ನಾನು ಲೇತ್ ನಿಲ್ಲಿಸಿದೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ.

"ನನಗೆ ಇದು ಬರಲ್ಲ ಮೇಡಂ" ಎಂದೆ, ನನಗೆ ಬರುವ ಹಿಂದಿಯಲ್ಲಿ. "ಇವರು ನಮಗೆ ಕಲಿಸಿಲ್ಲ. ನಾವು ಉಜ್ಜೋರು. ಅಲ್ಲಿರೋ ಬಟ್ಟಲೆಲ್ಲ ನಾವು ಉಜ್ಜಿದ್ದು. ಮಷಿನ್ ನಮ್ಮ ಹೆಸರಲ್ಲಿ ಕೊಡೋದಾದ್ರೆ ನಾನು ಕಲಿತೀನಿ. ಈಗಿಂದಲೇ."

ಸುದರ್ಶನ್ ಸಾರ್ ಕರೆಂಟು ತೆಗೆಯಲು ಗೋಡೆಯ ಮೇನ್ ಸ್ವಿಚ್ಚಿನ ಕಡೆ ಬಂದರು. ಶಬ್ನಮ್ ಯಾವಾಗ ಒಳಗೆ ಬಂದಳೋ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವರು ಪಕ್ಕಕ್ಕೆ ಹೋದರೆ ಅವಳೂ ಪಕ್ಕಕ್ಕೆ ಹೋದಳು.

ನಾನು ನಿಹಾರಿಕಾಳ ಮುಂದೆ ಕೈ ಚಾಚಿದೆ. ಅವಳು ಸಾರ್ ಮುಖ ನೋಡಿದಳು, ನನ್ನ ಮುಖ ನೋಡಿದಳು. ತುಂಡು ಕೊಟ್ಟಳು. ತಾನೇ ಲೇತಿಗೆ ಸಿಕ್ಕಿಸಿ ತಿರುಪು ಬಿಗಿದೂ ಕೊಟ್ಟಳು. ಆಮೇಲೆ ನನ್ನ ಪಕ್ಕ ಬಂದು ನನ್ನ ಮಣಿಕಟ್ಟು ಹಿಡಿದಳು.

"ಆಂಟಿ, ಹೀಗಲ್ಲ. ನಾನು ಹಿಡ್ಕೊಂಡಿರ್ತೀನಿ, ಇಲ್ಲಾಂದ್ರೆ ಮತ್ತೆ ಒಡೆಯತ್ತೆ."

ಅವಳ ಕೈ ಮೆತ್ತಗಿತ್ತು. ಬೆರಳಿನ ಗೆರೆಗಳೆಲ್ಲ ಹಾಗೇ ಇದ್ದವು. ಅವಳು ಒಳ್ಳೆಯದಕ್ಕೇ ಹೇಳುತ್ತಿದ್ದಳು, ಆದರೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.

"ಕೈ ಬಿಡಮ್ಮ" ಎಂದೆ. "ಕೆಡಿಸೋದಾದ್ರೆ ನಾನೇ ಕೆಡಿಸ್ತೀನಿ."

ಅವಳು ಬಿಟ್ಟಳು. ನಾನು ಉಳಿ ಎತ್ತಿಕೊಂಡೆ. ಸ್ವಿಚ್ಚಿನ ಹತ್ತಿರದಿಂದಲೇ ಶಬ್ನಮ್ ಹೊಸ ದುಪಟ್ಟಾ ತೆಗೆದು ಕುರ್ಚಿಯ ಮೇಲೆ ಎಸೆದಳು.

"ಇವಳಾದ ಮೇಲೆ ನಾನು" ಎಂದಳು.