ಹರುಕು ಕಂಡವಳ ಕೂಲಿ

ಆ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಎದುರು ಮನೆಯ ಬಾಗಿಲೂ ಕಾಣದಷ್ಟು ದಟ್ಟವಾದ ಮಂಜು. ಗಲ್ಲಿಯಲ್ಲಿ ಸೈಕಲ್ ಗಂಟೆ ಕೇಳಿಸುತ್ತಿತ್ತು, ಸೈಕಲ್ಲಿನ ಮೇಲಿದ್ದ ಮನುಷ್ಯ ಕಾಣಿಸುತ್ತಿರಲಿಲ್ಲ. ಇಸ್ತ್ರಿ ಅಕ್ಕ ಮೆಟ್ಟಿಲಿಳಿದು, ಗೋಡೆ ಸವರಿಕೊಂಡೇ ಕೆಲಸಕ್ಕೆ ಹೊರಟಳು. ಅಂದು ಸಂಬಳದ ದಿನ.

ಇಸ್ತ್ರಿ ಅಕ್ಕ ಎಂದರೆ ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳದು ಹನ್ನೊಂದು ವರ್ಷದ ಕೆಲಸ. ಡ್ರಮ್ಮಿನಲ್ಲಿ ಒಗೆದ ಬೆಡ್‌ಶೀಟುಗಳು ಬಿಸಿ ರೋಲರಿನೊಳಗೆ ಹೋಗಿ ಚಪ್ಪಟೆಯಾಗಿ ಈಚೆ ಬರುತ್ತವೆ. ಇಬ್ಬರು ಹೆಂಗಸರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿದು, ಟ್ಯೂಬ್‌ಲೈಟಿನ ಬೆಳಕಿಗೆ ಒಮ್ಮೆ ಎಳೆದು ನೋಡಿ, ಮಡಚಿ ಇಡಬೇಕು. ಅವಳ ಎದುರಿಗೆ ನಿಲ್ಲುವವಳನ್ನು ಎಲ್ಲರೂ ಗಿಳಿ ಎನ್ನುತ್ತಿದ್ದರು. ರೋಲರ್ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

ಬಟ್ಟೆ ಹರಿದಿದ್ದರೆ ಕಾಣುವುದು ಆ ಬೆಳಕಿಗೆ ಎಳೆದಾಗಲೇ. ಕಂಡವರು ಕೈಯೆತ್ತಿ ಹೇಳಬೇಕು. ಹೇಳಿದವರ ಹೆಸರು ಸೂಪರ್‌ವೈಸರನ ಪುಸ್ತಕಕ್ಕೆ ಹೋಗುತ್ತದೆ, ತಿಂಗಳ ಕೊನೆಗೆ ಅವರ ಸಂಬಳದಲ್ಲೇ ಕಡಿತ. ಹೀಗಾಗಿ ಅಲ್ಲಿನ ಹೆಂಗಸರೆಲ್ಲ ಒಂದು ಮಡಿಕೆ ಕಲಿತಿದ್ದರು. ಹರಿದ ಜಾಗ ಒಳಕ್ಕೆ ಹೋಗಿ ಕೂರುವಂತೆ ಮಡಚುವುದು. ಅದಕ್ಕೆ ಅವರೇ ಇಟ್ಟ ಹೆಸರು ಕಳ್ಳಮಡಿಕೆ.

ಇಸ್ತ್ರಿ ಅಕ್ಕನೂ ಮೊದಲು ಕಳ್ಳಮಡಿಕೆ ಹಾಕಿದವಳೇ. ಮೂರು ತಿಂಗಳ ಹಿಂದೆ, ಮನೆಗಳಿಗೆ ಬಣ್ಣ ಹೊಡೆಯುವ ಅವಳ ಗಂಡ ಏಣಿಯಿಂದ ಬಿದ್ದು ಹಿಮ್ಮಡಿ ಮುರಿದುಕೊಂಡ. ಆಸ್ಪತ್ರೆಯಲ್ಲಿ ಅವನ ಪಕ್ಕದ ಮಂಚದಲ್ಲಿ ಒಬ್ಬ ಮುದುಕಿ ಇದ್ದಳು. ಮಂಚ ಇಳಿಯುವಾಗ ಅವಳ ಕಾಲ್ಬೆರಳು ಬೆಡ್‌ಶೀಟಿನ ಹರುಕಿಗೆ ಸಿಕ್ಕಿಕೊಂಡಿತು. ಇಸ್ತ್ರಿ ಅಕ್ಕ ಓಡಿ ಹೋಗಿ ತೋಳು ಹಿಡಿಯದಿದ್ದರೆ ಆ ಮುದುಕಿ ನೆಲಕ್ಕೆ ಬೀಳುತ್ತಿದ್ದಳು. ಬಟ್ಟೆ ಸರಿಪಡಿಸಲು ಹೋದಾಗ ಹರುಕಿನ ಸುತ್ತಲಿನ ಗೆರೆಗಳು ಕಂಡವು. ಅದು ತಮ್ಮದೇ ಮಡಿಕೆ ಎಂದು ಅವಳಿಗೆ ಗೊತ್ತಾಯಿತು. ಯಾರ ಮುಂದೆಯೂ ಆಣೆ ಇಡಲಿಲ್ಲ. ದೇವರಿಗೆ ಮಾತ್ರ ಮನಸ್ಸಿನಲ್ಲೇ ಒಂದು ಮಾತು ಕೊಟ್ಟಳು. ಅಂದಿನಿಂದ ಹರುಕು ಕಂಡಾಗಲೆಲ್ಲ ಕೈಯೆತ್ತಿದಳು. ಅಂದಿನಿಂದಲೇ ಅವಳ ಸಂಬಳವೂ ಕರಗತೊಡಗಿತು.

ಆ ಮಂಜಿನ ದಿನ ಸೂಪರ್‌ವೈಸರ್ ಲಕೋಟೆ ಕೊಟ್ಟಾಗ ಆರು ದಿನದ ಕೂಲಿ ಕಡಿಮೆಯಿತ್ತು.

"ಹನ್ನೊಂದು ಹರುಕು ನಿನ್ನ ಹೆಸರಲ್ಲಿದೆ ಕಣಮ್ಮ," ಎಂದ ಅವನು.

"ಹರಿದಿದ್ದು ನಾನಲ್ಲ ಸಾರ್. ನಾನು ಕಂಡಿದ್ದು ಅಷ್ಟೆ."

"ಕಂಡವರ ಲೆಕ್ಕಕ್ಕೇ ಬರೆಯೋದು ಇಲ್ಲಿನ ಪದ್ಧತಿ. ಇವತ್ತು ಹತ್ತು ನಿಮಿಷ ತಡ ಬೇರೆ. ಅದಕ್ಕೆ ಅರ್ಧ ದಿನ ಮುಂದಿನ ತಿಂಗಳು ಹಿಡೀತೀನಿ."

ಗಿಳಿ ಪಿಸುಗುಟ್ಟಿದಳು: "ನಿನ್ನ ಕೈಯನ್ನ ಸೊಂಟಕ್ಕೆ ಕಟ್ಟಿಹಾಕ್ಬೇಕು ಅಕ್ಕ. ಹರುಕು ಕಂಡ್ರೆ ಸಾಕು, ಶಾಲೆ ಮಕ್ಕಳ ಹಾಗೆ ಎತ್ತಿಬಿಡ್ತೀಯ."

ಮನೆಯಲ್ಲಿ ಗಂಡ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ. ಗಲ್ಲಿಯವರು ಅವನನ್ನು ಬಣ್ಣದಣ್ಣ ಎನ್ನುತ್ತಿದ್ದರು. ಲಕೋಟೆ ನೋಡಿ ಅವನ ಮುಖ ಇಳಿಯಿತು.

"ಎರಡು ತಿಂಗಳ ಬಾಡಿಗೆ ನಿಂತಿದೆ. ಇನ್ನೊಂದು ತಿಂಗಳು ನೋಡ್ತೀವಿ, ಆಮೇಲೆ ಮನೆ ಖಾಲಿ ಮಾಡಿ ಅಂತ ಕೆಳಗಿರೋ ಮನೆ ಓನರ್ ಹೇಳಿ ಹೋದ್ರು. ನನ್ನ ಕಾಲು ಇನ್ನೂ ಏಣಿ ಹತ್ತೋ ಹಾಗಿಲ್ಲ. ನಿನಗ್ಯಾಕೆ ಬೇಕು ಆ ಸತ್ಯ? ಹತ್ತು ಜನ ಮಡಚಿದ ಹಾಗೆ ಮಡಚು."

"ಅದೊಂದು ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಹಿಡಿದಷ್ಟು ಹಿಡೀಲಿ ಅಂತ ಸುಮ್ಮನಿರು. ಕೆಲಸ ಕೊಡೋರು ಒಂದಿಷ್ಟು ಹಿಡ್ಕೊಳ್ಳೋದು ಎಲ್ಲ ಕಡೇನೂ ಇದ್ದಿದ್ದೇ. ಕೇಳೋಕೆ ಹೋಗಿ ಇರೋ ಕೆಲಸಾನೂ ಕಳ್ಕೊಂಡ್ರೆ ಬೀದಿಗೆ ಬೀಳ್ತೀವಿ."

ಅಷ್ಟರಲ್ಲಿ ಬಾಗಿಲಲ್ಲಿ ಚೀಲ ಇಳಿಸಿದ ಸದ್ದಾಯಿತು. ಟಪಾಲಿನಕ್ಕ. ಪತ್ರ ಹಂಚಲು ಬಂದವಳು ಈ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಹೋಗುವುದು ವಾಡಿಕೆ. ಅಂಚೆಗೆ ಸೇರುವ ಮೊದಲು ಅವಳು ಡಬ್ಬಿ ತುಂಬುವ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಸಂಬಳ ಹಿಡಿದಾಗ ಕಾರ್ಮಿಕ ಕಚೇರಿಯ ಮೆಟ್ಟಿಲು ಹತ್ತಿ ಇಳಿದು, ಬಹಳ ವಿಷಯ ತಿಳಿದುಕೊಂಡಿದ್ದಳು.

"ಏನಣ್ಣ, ಪ್ಲಾಸ್ಟರ್ ಕಾಲಿಗಾ, ಮುಖಕ್ಕಾ? ಎರಡೂ ಒಂದೇ ಥರ ಬಿಗಿದುಕೊಂಡಿದೆ," ಎನ್ನುತ್ತ ಕೂತಳು. ಗಂಡಹೆಂಡಿರಿಬ್ಬರೂ ನಡೆದದ್ದನ್ನು ಹೇಳಿದರು. ಅವಳು ನೀರು ಕುಡಿಯುವುದನ್ನು ನಿಲ್ಲಿಸಿ ಕೇಳಿದಳು:

"ಎಷ್ಟು ಹಿಡಿದ್ರು, ಯಾಕೆ ಹಿಡಿದ್ರು ಅಂತ ಸಂಬಳದ ಚೀಟಿ ಕೊಟ್ರಾ?"

"ಚೀಟಿ ಇಲ್ಲ. ಬಾಯಲ್ಲೇ ಹೇಳಿದ್ರು."

"ಹಿಡಿಯೋ ಮೊದಲು, ಹೇಗಮ್ಮ ಹರೀತು ಅಂತ ನಿನ್ನನ್ನ ಕೇಳಿದ್ರಾ?"

"ಯಾರೂ ಕೇಳಲಿಲ್ಲ."

"ಅಲ್ಲೇ ಇರೋದು ತಪ್ಪು. ನೋಡು, ನಷ್ಟಕ್ಕೆ ಹಿಡಿಯೋಕೇ ಆಗಲ್ಲ ಅಂತ ನಾನು ಹೇಳಲ್ಲ. ನಿನ್ನ ಕೈಯಿಂದ, ನಿನ್ನ ಅಜಾಗ್ರತೆಯಿಂದ ಹಾಳಾಗಿದ್ರೆ ಹಿಡೀಬಹುದು. ಆದ್ರೆ ಮೊದಲು ನಿನ್ನ ಮಾತು ಕೇಳ್ಬೇಕು. ಆಗಿರೋ ನಷ್ಟಕ್ಕಿಂತ ಒಂದು ಕಾಸೂ ಜಾಸ್ತಿ ಹಿಡೀಬಾರದು. ತಡವಾಗಿ ಬಂದ್ರೆ ತಡವಾದಷ್ಟು ಹೊತ್ತಿಗೆ ಮಾತ್ರ. ಹತ್ತು ನಿಮಿಷಕ್ಕೆ ಅರ್ಧ ದಿನ ಅಂದ್ರೆ ಅದೆಂಥ ಗಡಿಯಾರ?"

ಬಣ್ಣದಣ್ಣ ತಲೆಯಾಡಿಸಿದ. "ಇದೆಲ್ಲ ಹೇಳೋಕೆ ಚೆನ್ನಾಗಿರುತ್ತೆ ತಂಗಿ. ನಾಳೆ ಬರಬೇಡ ಅಂದ್ರೆ ಏನು ಮಾಡೋದು?"

"ಅಣ್ಣ, ನಿನ್ನ ಭಯ ಸುಳ್ಳಲ್ಲ," ಎಂದಳು ಟಪಾಲಿನಕ್ಕ ಮೆಲ್ಲಗೆ. "ಅದಕ್ಕೇ ಜಗಳ ಬೇಡ, ಕಾಗದದಲ್ಲಿ ಕೇಳಲಿ. ಕೂಗಾಡಿದವರನ್ನ ಹೊರಗೆ ಹಾಕೋದು ಸುಲಭ. ಕಾಗದ ಕೊಟ್ಟವರನ್ನ ಹಾಕಿದ್ರೆ, ಯಾಕೆ ಹಾಕಿದ್ರಿ ಅಂತ ಕೇಳೋ ಜನ ಇದಾರೆ. ಮೊದಲು ಒಂದು ನೋಟ್‌ಬುಕ್ ಇಡಲಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಹರುಕು, ಯಾರು ನೋಡಿದ್ರು, ಎಲ್ಲ ಬರೀಲಿ. ಆಮೇಲೆ ಯಜಮಾನರಿಗೆ ಅರ್ಜಿ. ಅದರ ನಕಲು ಮನೇಲಿರಲಿ. ಅವರು ಬಗ್ಗದಿದ್ರೆ ಕಾರ್ಮಿಕ ಕಚೇರಿ ಇದೆ. ಬಹಳ ದಿನ ಸುಮ್ಮನೆ ಕೂರಬೇಡಿ, ಅರ್ಜಿ ಹಾಕೋಕೆ ಗಡುವು ಇರುತ್ತೆ."

ಇಸ್ತ್ರಿ ಅಕ್ಕ ಮರುದಿನವೇ ಶುರು ಮಾಡಿದಳು. ನಾಲ್ಕನೇ ತರಗತಿ ಓದಿದ ಕೈ ಅದು, ಅಕ್ಷರ ಓರೆಕೋರೆ. ಆದರೆ ಹನ್ನೊಂದು ವರ್ಷ ಬಟ್ಟೆ ನೋಡಿದ ಕಣ್ಣು ಓರೆಯಾಗಿರಲಿಲ್ಲ. ಊಟದ ಬಿಡುವಿನಲ್ಲಿ ಕೂತು ಒಂದೊಂದೇ ಸಾಲು ಬರೆದಳು. ಗಿಳಿ ಮೂರು ದಿನ ದೂರದಿಂದಲೇ ನೋಡಿದಳು. ನಾಲ್ಕನೇ ದಿನ ಪಕ್ಕಕ್ಕೆ ಬಂದು ಕೂತಳು.

"ನಾನು ಕಳ್ಳಮಡಿಕೆ ಹಾಕಿದ್ದೂ ಹೇಳ್ತೀನಿ, ಬರ್ಕೋ. ಆದ್ರೆ ನನ್ನ ಹೆಸರು ಬೇಡ."

"ಹೆಸರು ಬೇಡ ಅಂದ್ರೆ ಏನಂತ ಬರೀಲಿ?"

"ಎದುರಿಗೆ ನಿಂತವಳು ಅಂತ ಬರಿ."

"ಎದುರಿಗೆ ನಿಲ್ಲೋದು ನೀನೊಬ್ಬಳೇ ಅಲ್ವೇನೇ?"

ಇಬ್ಬರೂ ನಕ್ಕರು. ದಿನ ಕಳೆದಂತೆ ನೋಟ್‌ಬುಕ್ಕಿನಲ್ಲಿ ಒಂದು ಸಂಗತಿ ಎದ್ದು ಕಂಡಿತು. ಹರುಕುಗಳೆಲ್ಲ ಒಂದೇ ಬಗೆ. ಅಂಚಿನಿಂದ ಒಂದು ಗೇಣು ಒಳಗೆ, ಉಗುರು ಗೀರಿದ ಹಾಗೆ ಬಾಗಿದ ಸೀಳು. ಮತ್ತು ಅಷ್ಟೂ ಬಟ್ಟೆ ಎರಡನೇ ಡ್ರಮ್ಮಿನಿಂದ ಬಂದವು. ಮೊದಲನೇ ಡ್ರಮ್ಮಿನದು ಒಂದೂ ಇರಲಿಲ್ಲ.

ಹೆಂಗಸರ ಕೈಯಲ್ಲಿ ಹರಿದರೆ ಹರುಕು ಹಾಗೆ ಸಾಲು ಹಿಡಿದು ಬರುತ್ತದೆಯೇ?

ಟಪಾಲಿನಕ್ಕ ಹೇಳಿದಂತೆ ಅರ್ಜಿ ಬರೆದಳು. ನಾಲ್ಕೇ ಮಾತು. ನನ್ನನ್ನು ಕೇಳದೆ ಮೂರು ತಿಂಗಳಿಂದ ಕೂಲಿ ಹಿಡಿಯಲಾಗಿದೆ. ಪ್ರತಿಯೊಂದಕ್ಕೂ ಕಾರಣವನ್ನು ಬರವಣಿಗೆಯಲ್ಲಿ ಕೊಡಿ. ನಾನು ಬಟ್ಟೆ ಹರಿದಿಲ್ಲ. ಹಿಡಿದ ಕೂಲಿಯನ್ನು ಹಿಂತಿರುಗಿಸಬೇಕಾಗಿ ವಿನಂತಿ. ಕೆಳಗೆ ಸಹಿ ಮಾಡಿದಳು. ಗಿಳಿ ಕಾಗದವನ್ನು ಎರಡು ಸಲ ಓದಿಸಿಕೊಂಡು, ಪೆನ್ನು ಕಸಿದುಕೊಂಡು ತನ್ನ ಪೂರ್ತಿ ಹೆಸರು ಬರೆದಳು. ಆಮೇಲೆ ಇನ್ನೂ ಏಳು ಜನ ಬರೆದರು.

ಎರಡು ವಾರ ಉತ್ತರ ಬರಲಿಲ್ಲ. ಸೂಪರ್‌ವೈಸರ್ ಮಾತ್ರ, "ಬನ್ನಿ ವಕೀಲಮ್ಮನವರೇ, ಇವತ್ತು ಕೋರ್ಟು ರಜೆಯೋ?" ಎಂದು ದಿನವೂ ಕೆಣಕುತ್ತಿದ್ದ. ಅವಳು ತಿರುಗಿ ಒಂದು ಮಾತೂ ಆಡಲಿಲ್ಲ. ಹರುಕು ಕಂಡಾಗ ಕೈಯೆತ್ತುವುದನ್ನೂ ಬಿಡಲಿಲ್ಲ. ಆ ದಿನಗಳಲ್ಲಿ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲ ಎಂಬುದು ಗಂಡನಿಗೊಬ್ಬನಿಗೇ ಗೊತ್ತು. ಹೆದರಿಕೆ ಇಲ್ಲದವರು ನಡೆಯುವುದರಲ್ಲಿ ದೊಡ್ಡದೇನಿದೆ? ಹೆದರುತ್ತಲೇ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಿ, ಬಾಯಿ ಬಿಗಿಹಿಡಿದು ನಿಂತ ಆ ಹೆಣ್ಣುಮಗಳನ್ನು ನೆನೆದರೆ ಇಂದಿಗೂ ಮನಸ್ಸು ತಂಪಾಗುತ್ತದೆ.

ಹದಿನೈದನೇ ದಿನ ಅವಳು ಅರ್ಜಿಯ ನಕಲು, ನೋಟ್‌ಬುಕ್ಕು ಎರಡನ್ನೂ ತೆಗೆದುಕೊಂಡು ಕಾರ್ಮಿಕ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಲಾಂಡ್ರಿಯ ಯಜಮಾನರನ್ನೂ ಕರೆಸಿದರು. ಯಜಮಾನರು ಕೆಟ್ಟವರೇನಲ್ಲ. ಸೂಪರ್‌ವೈಸರ್ ಇಟ್ಟ ಪುಸ್ತಕಕ್ಕೆ ಸಹಿ ಹಾಕುವವರು, ಅಷ್ಟೆ. ಸಹಿ ಹಾಕುವ ಮುಂಚೆ ಓದುವ ಅಭ್ಯಾಸ ಮಾತ್ರ ಇರಲಿಲ್ಲ.

ಅಧಿಕಾರಿ ನೋಟ್‌ಬುಕ್ಕಿನ ಹಾಳೆ ತಿರುವುತ್ತ ಒಂದೇ ಪ್ರಶ್ನೆ ಕೇಳಿದರು: "ಕೂಲಿ ಹಿಡಿಯೋ ಮೊದಲು ಇವರನ್ನ ಕೇಳಿದ್ರಾ?"

ಯಜಮಾನರು ಮೇಜಿನ ಅಂಚಿಗೆ ಕಣ್ಣಿಳಿಸಿದರು. "ಇಲ್ಲ ಸಾರ್. ಕೇಳಿಲ್ಲ."

"ನೀವೇನಾದ್ರೂ ಹೇಳ್ಬೇಕೇನಮ್ಮ?"

ಇಸ್ತ್ರಿ ಅಕ್ಕ ಎದ್ದು ನಿಂತಳು. "ನನ್ನ ದುಡ್ಡು ಎರಡು ದಿನ ತಡವಾದ್ರೂ ಪರವಾಗಿಲ್ಲ ಸಾರ್. ಹರುಕೆಲ್ಲ ಎರಡನೇ ಡ್ರಮ್ಮಿನಿಂದಲೇ ಬರ್ತಿವೆ, ಅದನ್ನ ನಾಳೇನೇ ನೋಡಿಸ್ಲಿ. ಆ ಬೆಡ್‌ಶೀಟಿನ ಮೇಲೆ ಮಲಗೋರು ಕಾಯಿಲೆಯವರು."

ಯಜಮಾನರು ತಲೆಯೆತ್ತಿ ಅವಳನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಅವಳನ್ನು ಸರಿಯಾಗಿ ನೋಡಿದ್ದು ಅದೇ ಮೊದಲೇನೋ.

ಮರುದಿನ ಬೆಳಿಗ್ಗೆ ಅವರೇ ಬಂದು, ಮಷೀನು ನಿಲ್ಲಿಸಿ, ಎರಡನೇ ಡ್ರಮ್ಮಿನ ಬಾಯಿಯ ಒಳಸುತ್ತನ್ನು ಬೆರಳಿನಿಂದ ಸವರಿದರು. ಒಂದು ಕಡೆ ತಗಡು ಎದ್ದು ಕೊಕ್ಕೆಯಾಗಿತ್ತು. ಕೈ ಹೊರಗೆ ತೆಗೆದಾಗ ಬೆರಳಲ್ಲಿ ರಕ್ತ. ಅವರು ಬೆರಳನ್ನು ಕರವಸ್ತ್ರಕ್ಕೆ ಒತ್ತಿ ಹಿಡಿದು, "ಆ ಪುಸ್ತಕ ತಗೊಂಡು ಬಾ," ಎಂದರು. ಸೂಪರ್‌ವೈಸರ್ ತಂದ. ಯಾರ ಯಾರ ಹೆಸರಿನಲ್ಲಿ ಎಷ್ಟೆಷ್ಟು ಹಿಡಿದಿದ್ದರೋ ಅಷ್ಟನ್ನೂ ವಾರದೊಳಗೆ ಕೊಟ್ಟರು. ಈಗ ಅಲ್ಲಿ ಪ್ರತಿ ತಿಂಗಳೂ ಸಂಬಳದ ಚೀಟಿ ಬರುತ್ತದೆ. ಹರುಕು ಕಂಡವರು ಕೈಯೆತ್ತುತ್ತಾರೆ, ಬಟ್ಟೆ ಹೊಲಿಗೆಗೆ ಹೋಗುತ್ತದೆ. ಇಸ್ತ್ರಿ ಅಕ್ಕನ ಕೆಲಸ ಉಳಿಯಿತು, ಬಾಡಿಗೆ ತೀರಿತು, ಮನೆಯೂ ಉಳಿಯಿತು. ಕಳ್ಳಮಡಿಕೆ ಹಾಕುವುದನ್ನು ಗಿಳಿ ಮರೆತೇಬಿಟ್ಟಿದ್ದಾಳಂತೆ. ಹಾಗೆಂದು ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ.

ಈ ಕಥೆ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೂಲಿಯಲ್ಲಿ ಏನಾದರೂ ಹಿಡಿದಿದ್ದರೆ ಯಾಕೆಂದು ಕೇಳಿ. ಸಂಬಳದ ಚೀಟಿ ಕೇಳಿ ಪಡೆಯಿರಿ. ದಿನವೂ ಎರಡು ಸಾಲು ಬರೆದಿಡಿ. ಬರೆಯಲು ಬಾರದಿದ್ದರೆ ಮನೆಯ ಮಕ್ಕಳಿಂದ ಬರೆಸಿ. ಅರ್ಜಿ ಕೊಟ್ಟರೆ ನಕಲು ಇಟ್ಟುಕೊಳ್ಳಿ, ಜೊತೆಯವರನ್ನು ಕರೆದುಕೊಳ್ಳಿ, ಗಡುವು ಮೀರುವ ಮೊದಲು ಹತ್ತಿರದ ಕಾರ್ಮಿಕ ಕಚೇರಿಗೆ ಹೋಗಿ. ನೀವು ಬೇಡುತ್ತಿರುವುದು ಯಾರ ದಾನವನ್ನೂ ಅಲ್ಲ. ನಿಮ್ಮ ಬೆವರಿಗೆ ಬರಬೇಕಾದದ್ದನ್ನು ಕೇಳುತ್ತಿದ್ದೀರಿ, ದೇವರು ಮೆಚ್ಚುವ ಮಾತೇ ಅದು. ಇನ್ನು ನಾಲ್ಕು ಜನಕ್ಕೆ ಕೆಲಸ ಕೊಡುವವರೂ ಇಲ್ಲಿ ಕೂತಿರಬಹುದು. ಹಿಡಿಯುವ ಮೊದಲು ಒಂದು ಮಾತು ಕೇಳಿ ಎಂದು ನಿಮಗೂ ಕೈಮುಗಿದು ಹೇಳುತ್ತೇನೆ.

ಹಾಗೆ ಕೆಲಸ ಕೊಡುವವರಲ್ಲಿ ಒಬ್ಬನ ವಿಷಯ ಹೇಳುವುದು ಬಾಕಿ ಇದೆ.

ಕಚೇರಿಯಿಂದ ಬಂದ ಸಂಜೆ ಇಸ್ತ್ರಿ ಅಕ್ಕ ಅಲ್ಲಿ ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದ್ದಳು. ಅವನು ಕೊನೆಯವರೆಗೂ ಕೇಳಿದ. ಆಮೇಲೆ, "ಅಧಿಕಾರಿ ಕೇಳಿದ್ರಲ್ಲ, ಆ ಮಾತು ಇನ್ನೊಂದು ಸಲ ಹೇಳು," ಎಂದ.

"ಹಿಡಿಯೋ ಮೊದಲು ಇವರನ್ನ ಕೇಳಿದ್ರಾ ಅಂತ."

ಬಣ್ಣದಣ್ಣ ಕಿಟಕಿಯ ಕಡೆ ತಿರುಗಿದ. "ಹೋದ ವರ್ಷ ಬಣ್ಣದ ದೊಡ್ಡ ಡಬ್ಬಿ ಉರುಳಿ ಹೋಯ್ತಲ್ಲ, ನಾನು ಕೂಲಿಗೆ ಇಟ್ಕೊಂಡಿರೋ, ನನ್ನ ಏಣಿ ಹಿಡಿಯೋ ಮುದುಕ, ಎಲ್ಲರೂ ಮಾವ ಅಂತಾರಲ್ಲ, ಅವನ ಕೂಲಿ ನಾಲ್ಕು ದಿನದ್ದು ಹಿಡಿದುಬಿಟ್ಟೆ. ಹೇಗೆ ಉರುಳ್ತು ಅಂತ ನಾನೂ ಕೇಳಲಿಲ್ಲ ಕಣೆ. ಆ ಮಾವ ಏನೂ ಅನ್ನಲಿಲ್ಲ. ನಾನು ಬಿದ್ದ ದಿನ ನನ್ನನ್ನ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದೂ ಅವನೇ."



ಎರಡು ತಿಂಗಳ ಮೇಲೆ ಕಾಲು ಗಟ್ಟಿಯಾಗಿ, ಅವನು ಮತ್ತೆ ಕೆಲಸಕ್ಕೆ ಹೋದ. ಮೊದಲ ವಾರದ ದುಡ್ಡು ಕೈಗೆ ಬಂದ ದಿನ, ಗೋಡೆಯ ಹತ್ತಿರ ಕೂತು ಬ್ರಶ್ ತೊಳೆಯುತ್ತಿದ್ದ ಮಾವನ ಪಕ್ಕದಲ್ಲಿ ಕಷ್ಟಪಟ್ಟು ಮಂಡಿ ಮಡಚಿ ಕೂತ.

"ಮಾವ, ಆ ಡಬ್ಬಿ ಅವತ್ತು ಹೇಗೆ ಉರುಳ್ತು?"

ಮುದುಕ ಬ್ರಶ್ ಕೊಡವಿದ. "ಏಣಿ, ಡಬ್ಬಿ ಎರಡೂ ನಿಂತಿದ್ದ ಹಲಗೆ ಮುರೀತಪ್ಪ. ಡಬ್ಬಿ ಹಿಡ್ಕೊಳ್ಳೋದಾ, ನಿನ್ನ ಏಣಿ ಹಿಡ್ಕೊಳ್ಳೋದಾ ಅಂತ ಆಯ್ತು. ಏಣಿ ಹಿಡ್ಕೊಂಡೆ."

ಬಣ್ಣದಣ್ಣ ತಲೆ ತಗ್ಗಿಸಿ, ನಾಲ್ಕು ದಿನದ ಕೂಲಿಯನ್ನು ಅವನ ಒದ್ದೆ ಅಂಗೈಯಲ್ಲಿ ಇಟ್ಟ.