ಅಳಬೇಡವೆಂದ ಮನೆ

ಹಿರೇಬೆಂಡಿಗೇರಿಯ ನೀಲಪ್ಪ ಶಿಗ್ಗಾಂವಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ. ೧೯೭೬ರಲ್ಲಿ ಅವನ ಓಣಿಯ ಕೆಲವು ಮನೆಗಳು ಬೌದ್ಧ ದೀಕ್ಷೆ ಪಡೆದಾಗ, ದೇವರ ಜಗಲಿಯ ಮೇಲಿದ್ದ ದ್ಯಾಮವ್ವನ ಮೂರ್ತಿಯನ್ನು ವರದಾ ನದಿಯಲ್ಲಿ ಬಿಟ್ಟು ಬಂದವರಲ್ಲಿ ಅವನೇ ಮೊದಲಿಗ. ಅಂದಿನಿಂದ ಓಣಿಯ ಗಂಡಸರು ಹೆಣದ ಮುಂದೆ ಹಲಗೆ ಬಾರಿಸುವುದನ್ನು ಬಿಟ್ಟರು. ಹೆಂಗಸರು ಒಬ್ಬರ ಕೊರಳನ್ನೊಬ್ಬರು ತಬ್ಬಿ, ಸತ್ತವರ ನಡೆನುಡಿಯನ್ನು ಹಾಡಿಕೊಂಡು ಅಳುವುದೂ ನಿಲ್ಲಬೇಕೆಂದು ನೀಲಪ್ಪ ವಾದಿಸಿದ. ಎಲ್ಲವೂ ಅನಿತ್ಯವೆಂದು ತಿಳಿದವರಿಗೆ ಅಳು ಒಪ್ಪುವುದಿಲ್ಲವೆಂಬುದು ಅವನ ತರ್ಕವಾಗಿತ್ತು.

ಮೂರು ವರ್ಷಗಳ ನಂತರ ಅವನ ಮಗಳು ಗೌತಮಿ, ಇನ್ನೂ ಅಂಬೆಗಾಲಿಡುತ್ತಿದ್ದ ಕೂಸು, ಮಿದುಳುಜ್ವರದಿಂದ ತೀರಿಕೊಂಡಳು. ಮಣ್ಣು ಮಾಡುವ ಹೊತ್ತಿಗೆ ಹೆಂಡತಿ ಅಡಿವೆವ್ವ ಹಾಡಿ ಅಳಲು ದನಿ ತೆಗೆಯುವುದರಲ್ಲಿದ್ದಳು. ಅಳಬೇಡವೆಂದು ನೀಲಪ್ಪ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಳಲಿಲ್ಲ, ಮಾತೂ ಕಡಿಮೆಯಾಯಿತು.

ಮಳೆಗಾಲ ಮುಗಿಯುವ ವೇಳೆಗೆ ಅವಳು ಹೊಲದ ಬದುವಿನಿಂದ ಒಂದು ಕಲ್ಲು ತಂದು, ಹಿತ್ತಲಿನಲ್ಲಿಟ್ಟು ಕುಂಕುಮ ಹಚ್ಚಿದಳು. ನೀರಿಗೆ ಹಾಕಿದ ದ್ಯಾಮವ್ವನೇ ಕೂಸನ್ನು ಒಯ್ದಳೆಂಬ ಅಂಜಿಕೆ ಅವಳಲ್ಲಿ ಬೇರೂರಿತ್ತು. ನೀಲಪ್ಪ ಅವಳನ್ನು ಕೂರಿಸಿ, ರೋಗಾಣು ದೇಹವನ್ನು ಹೇಗೆ ಹೊಗುತ್ತದೆಂದು ಕ್ರಮವಾಗಿ ವಿವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡು, ಮರುದಿನದ ಬಸ್ಸಿಗೆ ಹಂಸಭಾವಿಯ ತವರಿಗೆ ಹೋಗುವುದಾಗಿಯೂ ಮರಳುವ ಮನಸ್ಸಿಲ್ಲವೆಂದೂ ಅತ್ತೆ ಭರಮವ್ವನಿಗೆ ತಿಳಿಸಿದಳು.

ತಾಯಿಯಿಂದ ಅದು ತಿಳಿದ ನೀಲಪ್ಪ ನೇರವಾಗಿ ಗೋಣೆಪ್ಪನ ಮನೆಗೆ ನಡೆದ. ಪ್ರತಿ ಹುಣ್ಣಿಮೆಗೆ ಓಣಿಯವರನ್ನು ಕೂರಿಸಿ ಬುದ್ಧ ವಂದನೆ ಹೇಳಿಸುತ್ತಿದ್ದ ಹಿರಿಯ ಅವನು. ಕಲ್ಲು ತೆಗೆಯುವಂತೆ ಹೆಂಡತಿಗೆ ಬುದ್ಧಿ ಹೇಳಬೇಕೆಂದು ನೀಲಪ್ಪ ಕೇಳಿದ. ಗೋಣೆಪ್ಪ ಕಲ್ಲಿನ ವಿಷಯವನ್ನೇ ಎತ್ತಲಿಲ್ಲ.

"ಕೂಸಿನ ಸಲುವಾಗಿ ಅತ್ತಾಳೇನು ಆಕಿ?"

"ಇಲ್ರಿ. ನಾನ ಬ್ಯಾಡ ಅಂದೇನಿ. ಎಲ್ಲಾ ಅನಿತ್ಯ ಅಂತ ನೀವ ಕಲಿಸೀರಲ್ರಿ."

"ಕಲಿಸೇನಿ. ಆದ್ರ ದುಃಖ ಐತಿ ಅನ್ನೂದು ಬುದ್ಧ ಹೇಳಿದ ಮೊದಲನೇ ಮಾತು. ನೀ ಅದನ್ನ ದಾಟಿ ಮುಂದಿನ ಪಾಠಕ್ಕ ಹೋಗಿಬಿಟ್ಟಿ." ಗೋಣೆಪ್ಪ ನಕ್ಕ. "ಸಾಲ್ಯಾಗ ಗದ್ದಲ ಮಾಡಿದ ಹುಡುಗನ್ನ ಹೊರಗ ನಿಲ್ಲಸ್ತಿಯಲ್ಲೋ ಮಾಸ್ತರ, ಹಂಗ ದುಃಖಾನೂ ಹೊರಗ ನಿಲ್ಲಿಸೀದಿ. ಅದು ಎಲ್ಲಿಗೆ ಹೋದೀತು? ಹಿತ್ತಲದಾಗ ಕುಂತೈತಿ."

ನೀಲಪ್ಪನಾದರೂ ಅತ್ತಿದ್ದನೋ ಇಲ್ಲವೋ ಎಂದು ಗೋಣೆಪ್ಪ ಕೇಳಿದ. ಇಲ್ಲವೆಂದು ನೀಲಪ್ಪ ತಲೆಯಾಡಿಸಿದ.

"ಕಣ್ಣು ಮುಚ್ಚಿ ಕುಂದ್ರು. ಎದಿ ಒತ್ತಿದ್ರ, ಒತ್ತಾಕತ್ತೈತಿ ಅಂತ ಒಪ್ಕೊ. ಓಡಸಬ್ಯಾಡ, ಬೈಬ್ಯಾಡ. ನಿನ್ನ ನೋವಿಗೆ ನೀನ ಕರುಣೆ ತೋರಸ್ಲಿಲ್ಲಂದ್ರ ಆಕೀಗೆ ಎಲ್ಲಿಂದ ತಂದು ಕೊಡ್ತಿ?"

ನೀಲಪ್ಪ ಕುಳಿತ. ಮೊದಲು ಉಸಿರಷ್ಟೇ ತಿಳಿಯಿತು. ಬರಬರುತ್ತ ಎದೆಯ ನಡುವೆ ಒಂದು ಬಿಗಿತ ಕಾಣಿಸಿತು. ಅದಕ್ಕೆ ಕಾರಣ ಹುಡುಕುವ ಅಭ್ಯಾಸವನ್ನು ಪ್ರಯತ್ನಪೂರ್ವಕ ಬಿಟ್ಟು ಸುಮ್ಮನೆ ಇರಗೊಟ್ಟ. ಬಿಗಿತ ಕರಗಲಿಲ್ಲ, ಆದರೆ ಅದರ ಭಯ ಕಡಿಮೆಯಾಯಿತು. ಕೂಸಿನ ಕೊನೆಯ ವಾರಗಳಲ್ಲಿ ತಾನು ಉತ್ತರಪತ್ರಿಕೆ ತಿದ್ದುವುದರಲ್ಲಿ ಮುಳುಗಿದ್ದುದು ನೆನಪಾಯಿತು.

ಮನೆಗೆ ಬಂದಾಗ ಅಡಿವೆವ್ವ ಗಂಟು ಕಟ್ಟುತ್ತಿದ್ದಳು. ಅವನು ಅವಳೆದುರು ನೆಲದ ಮೇಲೆ ಕುಳಿತ.

"ಗೌತಮಿಗೆ ಹಲ್ಲು ಬಂದಿತ್ತೇನು?"

ಅವಳು ಗಂಟು ಕಟ್ಟುವುದನ್ನು ಬಿಟ್ಟು ಅವನತ್ತ ತಿರುಗಿದಳು.

"ಬಂದಿತ್ತು. ನೀವ ನೋಡ್ಲೇ ಇಲ್ಲ. ಕೆಳಗಿನ ವಸಡಿನ್ಯಾಗ, ಜೋಳದ ನುಚ್ಚಿನಂಗ, ಬೆಳ್ಳಗ."

"ಅಂದು ನಿನಗ ಅಳಬ್ಯಾಡ ಅಂದದ್ದು ತಪ್ಪಾತು. ನನಗೂ ಅಳಾಕ ಬರವಲ್ದು. ನೀ ಹಾಡು."

ಮೊದಲ ಸಾಲು ಅರ್ಧಕ್ಕೇ ತುಂಡಾಯಿತು. ಎರಡನೆಯದರಲ್ಲಿ ಹಲ್ಲು ಬಂತು, ಮೂರನೆಯದರಲ್ಲಿ ಕೂಸು ಬೆಕ್ಕಿನ ಹಿಂದೆ ಅಂಬೆಗಾಲಿಟ್ಟದ್ದು. ಒಳಗಿನಿಂದ ಭರಮವ್ವ ಬಂದು ಸೊಸೆಯ ಕೊರಳು ತಬ್ಬಿ ದನಿಗೂಡಿಸಿದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತಲೂ ಕುಳಿತರು. ತಡೆಹಿಡಿದ ಅಳು ಅವರಲ್ಲೂ ಇತ್ತು. ಅನಿತ್ಯದ ಮಾತನ್ನು ಯಾರೂ ಆಡಲಿಲ್ಲ. ಬೆಕ್ಕಿನ ಸಾಲು ಮರಳಿ ಬಂದಾಗ ನೀಲಪ್ಪ ಮೊಣಕಾಲಿಗೆ ಮುಖ ಹಚ್ಚಿ ಬಿಕ್ಕಿದ.

ಆದರೂ ಮರುದಿನ ಅಡಿವೆವ್ವ ಹೊರಟಳು. ಅವನು ತಡೆಯದೆ ಗಂಟು ಹೊತ್ತು ಬಸ್ಸಿನವರೆಗೆ ನಡೆದ. ಅತ್ತು ಊದಿದ ಅವಳ ಮುಖ ಹಗುರಾಗಿತ್ತು. ಕಿಟಕಿಯಿಂದ ಅವನನ್ನು ಹತ್ತಿರ ಕರೆದಳು.

"ಅವ್ವನ ಮುಂದೂ ಒಂದಿಷ್ಟು ಅತ್ತು ಬರ್ತೇನಿ. ಅಂಜಿಕಿ ಇನ್ನೂ ಹೋಗಿಲ್ಲ, ಹೋಗೇತಿ ಅಂತ ಸುಳ್ಳು ಹೇಳೂದಿಲ್ಲ. ಹುಣ್ಣಿವಿ ವಂದನಾಕ್ಕ ಮಾತ್ರ ಇಲ್ಲೇ ಇರ್ತೇನಿ. ಕರಿಯಾಕ ನೀವ ಬರ್ರಿ. ಸಾಲಿ ಐತಿ ಅನಬ್ಯಾಡ್ರಿ."

"ಅನ್ನೂದಿಲ್ಲ," ಎಂದ ನೀಲಪ್ಪ.