ಮಾರಾಟದ ಕೋಣೆಯ ಹಸಿರು ಪರದೆ

ಸೀತಾರಾಮ ಸಾವ್ಕಾರರು ಶಿರಸಿ ಪೇಟೆಯಲ್ಲಿ ಅಡಿಕೆ ದಲಾಲಿಗೆಂದು ಹೊಸ ಆಫೀಸು ಕಟ್ಟಿಸಿದ್ದು ಮೂವತ್ತಾರನೇ ಇಸವಿಯಲ್ಲಿ. ಅದಕ್ಕೆ ಬೇಕಾದ ಮೇಜು, ಕುರ್ಚಿ, ಬಟ್ಟೆ ಆರಿಸುವ ಕೆಲಸ ಮ್ಯಾನೇಜರ್ ಕಮಲಾಕರ ಭಟ್ಟನ ಪಾಲಿಗೆ ಬಂತು. ಹುಲೇಕಲ್ಲಿನವನು, ಪುಣೆಯಲ್ಲಿ ಭೌತಶಾಸ್ತ್ರ ಓದಿ ಬಂದವನು. ಅಳತೆ ಪಟ್ಟಿ ಹಿಡಿಯದೆ ಒಂದು ಮೊಳೆಯನ್ನೂ ಹೊಡೆಸುವವನಲ್ಲ.

ಕಿಟಕಿಯ ಹತ್ತಿರ ಸಾಗವಾನಿ ಮೇಜು, ಮಾಲು ತಂದವರಿಗೆ ತಮ್ಮ ಅಡಿಕೆ ಕಾಣುವಂತೆ ಪಕ್ಕದಲ್ಲೇ ಬೆಂಚು, ಕಿಟಕಿಗೆ ಬಿಳಿ ಪರದೆ. ಅವನ ಲೆಕ್ಕ ಇದು. ಸಾವ್ಕಾರರು ನೋಡಿ ಮೂರನ್ನೂ ಬದಲಿಸಿದರು. ಬೆಂಚನ್ನು ಹಿಂದಿನ ಗೋಡೆಗೆ ಒಯ್ದು ಅಲುಗದಂತೆ ಮೊಳೆ ಹೊಡೆಸಿದರು. ಮೇಜಿಗೆ ಹಾಸಲು ಕೆಂಪು ಬನಾತಿನ ಉಣ್ಣೆಬಟ್ಟೆ, ಕಿಟಕಿಗೆ ತೆಳು ಹಸಿರು ಬಟ್ಟೆ ಎಂದರು.

"ದೊಡ್ಡ ಸಾಹೇಬರ ಕಚೇರಿ ಕಂಡಿದ್ದೀಯಾ? ಗತ್ತು ಅಂದ್ರೆ ಹಾಗಿರಬೇಕು."

ಸಾವ್ಕಾರರಿಗೆ ಗತ್ತಿನ ಆಸೆಯಿರಬೇಕು ಅಂದುಕೊಂಡ ಕಮಲಾಕರ, ಎದುರಿನ ಬದ್ರುದ್ದೀನನ ಬಟ್ಟೆ ಅಂಗಡಿಗೆ ಹೋದ. ಬದ್ರುದ್ದೀನ ಹಸಿರು ಬಟ್ಟೆಯ ತಾನು ಬಿಚ್ಚಿ ಜಗುಲಿಯ ಬಿಸಿಲಿಗೆ ಹರವಿದ.

"ಹೊರಗ ಬಂದು ನೋಡ್ರಿ ಭಟ್ರ. ಒಳಗ ನೋಡಿ ಒಯ್ದ ಬಟ್ಟಿ ಮನ್ಯಾಗ ಬ್ಯಾರೆ ಬಣ್ಣ ಆಗ್ತದ. ಆಮ್ಯಾಲ ಬೈಗಳ ನನಗ."

"ಅಷ್ಟು ಬೈಯುವ ಗಿರಾಕಿ ಯಾರು?"

"ಚಾಂದ್ ಬಿ. ನನ್ನ ಹೆಂಡ್ತಿನ."

ಪರದೆ ತೂಗಿದ ದಿನ ಕಮಲಾಕರ ಹಿಡಿ ಕೆಂಪಡಿಕೆಯನ್ನು ಬನಾತಿನ ಮೇಲೆ ಚೆಲ್ಲಿದ. ಹಸಿರು ಬಟ್ಟೆ ಬಿಸಿಲಿನ ಕೆಂಪನ್ನೆಲ್ಲ ಹೊರಗೇ ತಡೆದು ನಿಲ್ಲಿಸಿತ್ತು. ಒಳ್ಳೆಯ ಕೆಂಪಡಿಕೆ ಮಳೆಗೆ ನೆನೆದು ಕೆಟ್ಟ ಮಾಲಿನ ಹಾಗೆ ಕಪ್ಪಿಟ್ಟಿತ್ತು. ಕೆಂಪು ಬನಾತಿನ ಎದುರು ಅಡಿಕೆಯ ಉಳಿದ ಕಳೆಯೂ ಸತ್ತಿತ್ತು. ತಪ್ಪಾಗಿದೆ ಎಂದು ಅವನು ಸಾವ್ಕಾರರನ್ನು ಕರೆದು ತೋರಿಸಿದ. ಒಂದು ಹಿಡಿ ಮೇಜಿನ ಮೇಲೆ, ಒಂದು ಹಿಡಿ ಹೊಸ್ತಿಲಾಚೆ ಬಿಸಿಲಿನಲ್ಲಿ.

ಸಾವ್ಕಾರರು ನಕ್ಕರು. "ಇದನ್ನು ಕಂಡುಹಿಡಿಯಲು ಪುಣೆಗೆ ಹೋಗಬೇಕಿತ್ತಾ? ಪರದೆ ಹಾಗೇ ಇರಲಿ."

ಆಗ ಅವನಿಗೆ ಬೆಂಚಿಗೆ ಹೊಡೆದ ಮೊಳೆಯ ಅರ್ಥವಾಯಿತು. ಮೇಜಿನ ಮೊದಲ ಕುರ್ಚಿಯಲ್ಲಿ ಕೂರುವ ಖರೀದಿದಾರ ಸಾವ್ಕಾರರ ಅಳಿಯ ಎಂಬುದೂ ನೆನಪಾಯಿತು. ದೂರದ ಬೆಂಚಿನವರಿಗೆ ಅಡಿಕೆ ಸರಿಯಾಗಿ ಕಾಣದು, ಕಪ್ಪು ಕಂಡ ಮಾಲು ಅಳಿಯನಿಗೆ ಅಗ್ಗ. ಎರಡು ತಿಂಗಳು ಸೋಂದಾ, ತ್ಯಾಗಲಿ ಕಡೆಯ ಹಳ್ಳಿ ಸುತ್ತಿ, "ನಮ್ಮಲ್ಲಿ ಮೋಸ ಇಲ್ಲೆ, ಆನಿದ್ದಿ" ಎಂದು ತನ್ನ ಹೊಣೆಯ ಮೇಲೆ ಮನೆಮನೆಗೆ ಮಾತು ಕೊಟ್ಟು ಬಂದವನು ಅವನೇ. ಕತ್ತಲೆ ಮಾಡುವ ಬಟ್ಟೆಯನ್ನು ಗಜಗಟ್ಟಲೆ ಅಳೆದು ತಂದವನೂ ಅವನೇ.

ಮರುದಿನ ಮೊದಲ ಮೂಟೆ ತ್ಯಾಗಲಿಯ ತಿಮ್ಮಣ್ಣ ಹೆಗಡೆಯದು. ಅಡಿಕೆಯನ್ನು ಗೆರಸಿಗೆ, ಬಿದಿರಿನ ಮೊರಕ್ಕೆ, ಸುರಿದು ಮೇಜಿನ ಮೇಲಿಟ್ಟರು. ಅಳಿಯ ಬಗ್ಗಿ ನೋಡಿ, "ಕಪ್ಪು. ಎರಡನೇ ತರ" ಎಂದ.

ಗೋಡೆಯ ಬೆಂಚಿನಿಂದ ಮುದುಕ ಹೆಗಡೆ ಕತ್ತು ಚಾಚಿದ. "ಎಂತ ತಮಾ ಇದು? ಮನೇಲಿ ಕೆಂಪಿತ್ತು. ಗಾಡೀಲಿ ಬಪ್ಪಾಗ ಕಪ್ಪಾಗೋತಾ? ಯನ್ನ ಕಣ್ಣೇ ಹಾಳಾತೇನ."

ಆ ಕೊನೆಯ ಮಾತು ಕಮಲಾಕರನಿಗೆ ತಡೆಯಲಾಗಲಿಲ್ಲ. ಮೋಸ ಹೋದವನು ತನ್ನ ಕಣ್ಣನ್ನೇ ಬೈದುಕೊಳ್ಳುತ್ತಿದ್ದ. ಅವನು ಗೆರಸಿಯನ್ನು ಎರಡೂ ಕೈಯಿಂದ ಎತ್ತಿದ.

"ನಿಮ್ಮ ಕಣ್ಣು ಸರಿ ಇದ್ದು ಹೆಗಡೇರೇ. ಹೊರಗೆ ಬನ್ನಿ."

"ಕಮಲಾಕರ, ಗೆರಸಿ ಕೆಳಗಿಡು," ಎಂದರು ಸಾವ್ಕಾರರು.

"ಇಡ್ತೇನೆ. ಬೆಳಕಿದ್ದಲ್ಲಿ."

ಅವನ ಹಿಂದೆ ಮುದುಕ, ಮುದುಕನ ಹಿಂದೆ ಬೆಂಚಿನ ಮೇಲಿದ್ದವರೆಲ್ಲ. ಬಿಸಿಲು ಬಿದ್ದದ್ದೇ ಅಡಿಕೆ ಕೆಂಪಗೆ ಹೊಳೆಯಿತು. ಕುತೂಹಲಕ್ಕೆ ಬಂದ ಬೇರೆ ಇಬ್ಬರು ಖರೀದಿದಾರರು ಹೋಳು ಮುರಿದು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಲ್ಲಿ ನಿಂತ ಅಳಿಯ ಒಳಗೆ ಸರಿದ.

"ಒಳಗೆ ಬಂದರೆ ಕೆಲಸ ಇದೆ," ಸಾವ್ಕಾರರ ದನಿ ತಣ್ಣಗಿತ್ತು. "ಇಲ್ಲವಾದರೆ ಬೀಗದಕೈ ಕೊಟ್ಟು ನಡೆ."

ಕಮಲಾಕರ ಗೆರಸಿಯನ್ನು ಸೊಂಟಕ್ಕಾನಿಸಿ, ಜೇಬಿನಿಂದ ಬೀಗದಕೈ ತೆಗೆದು ಹೊಸ್ತಿಲ ಮೇಲಿಟ್ಟ. ಮನೆಯಲ್ಲಿ ಅಪ್ಪಯ್ಯನಿಗೆ ಏನು ಹೇಳುವುದೋ ಗೊತ್ತಿರಲಿಲ್ಲ. ಕೈಯಲ್ಲಿ ಗೆರಸಿ ಭಾರವಾಗುತ್ತಿತ್ತು.

ಎದುರಿನ ಜಗುಲಿಯಲ್ಲಿ ಬದ್ರುದ್ದೀನ ತಾನುಗಳನ್ನು ಬದಿಗೆ ಸರಿಸುತ್ತಿದ್ದ.

"ಇಲ್ಲಿಡ್ರಿ ಭಟ್ರ. ನೋಡೋ ಜಾಗಾನ ಇದು."

ತಿಮ್ಮಣ್ಣ ಹೆಗಡೆ ತನ್ನ ಮೂಟೆಯ ಕಿವಿ ಹಿಡಿದು ಆ ಜಗುಲಿಯತ್ತ ಎಳೆದ. ಬೆಂಚಿನ ಉಳಿದವರೂ ತಮ್ಮ ಮೂಟೆಗಳಿಗೆ ಕೈ ಹಾಕಿದರು.